ಕಾಲಡಿಯಲ್ಲಿ ಜಾರಿದ ಬ್ರೇಕು

ಟೇಲರಮ್ಮನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯಬೇಕೆಂಬ ಆಸೆಯೂ ಇರಲಿಲ್ಲ. ಆದರೂ ಆಗಾಗ ಭಾನುವಾರ ಬೆಳಿಗ್ಗೆ ಅವರು ಸೊಸೆಯ ಎರಡು ಸೀಟಿನ ನೀಲಿ ಸ್ಪೋರ್ಟ್ಸ್ ಕಾರಿನಲ್ಲಿ ಸ್ಟೇರಿಂಗ್ ಮುಂದೆ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಬಲಗಾಲಲ್ಲಿ ಬ್ರೇಕ್ ಪೆಡಲ್ ಒತ್ತುತ್ತಿದ್ದರು. ಕಾರು ಇದ್ದಲ್ಲೇ ಇರುತ್ತಿತ್ತು. ಅದರ ನಾಲ್ಕೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿಟ್ಟಿರುತ್ತಿದ್ದರು. ಸೊಸೆ ನೆಲದ ಮೇಲೆ ಹಳೇ ಚಾಪೆ ಹಾಸಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದು, ತಲೆಯನ್ನು ಕಾರಿನ ಹೊಟ್ಟೆಯೊಳಗೆ ತೂರಿಸಿಕೊಂಡಿರುತ್ತಿದ್ದಳು.

"ಒತ್ತಿ ಅತ್ತೆ."

"ಒತ್ತಿದೆ."

"ಹಾಗೇ ಹಿಡೀರಿ... ಹಾಂ, ಈಗ ಬಿಡಿ."

ಬ್ರೇಕ್ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಪೆಡಲ್ ಹತ್ತಿಯ ದಿಂಬಿನಂತೆ ಮೆತ್ತಗಾಗುತ್ತದೆ. ಆ ಗಾಳಿಯನ್ನು ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಹತ್ತಿರವಿರುವ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಬೇಕು. ಬ್ರೇಕ್ ಆಯಿಲ್ ಜೊತೆ ಗಾಳಿಯ ಗುಳ್ಳೆ ಹೊರಗೆ ಬರುತ್ತದೆ. ನಿಪ್ಪಲ್ ಬಿಗಿಯಾಗುವ ಮೊದಲೇ ಕಾಲು ತೆಗೆದರೆ ಹೊರಗಿನ ಗಾಳಿ ಮತ್ತೆ ಒಳಗೆ ಹೋಗಿ, ಮಾಡಿದ್ದೆಲ್ಲ ನೀರಲ್ಲಿ ಹೋಮವಾಗುತ್ತದೆ.

ಮೊದಮೊದಲು ಪೆಡಲ್ ಒತ್ತುತ್ತಿದ್ದವನು ಟೇಲರಮ್ಮನ ಮಗ. ಅವನಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಒಳ್ಳೆಯವನೇ, ಆದರೆ ಒಂದು ಕಣ್ಣು ಫೋನಿನ ಮೇಲೆ. ಹೆಂಡತಿ "ಹಿಡಿ" ಅಂದಾಗ ಬಿಡುವುದು, "ಬಿಡು" ಅಂದಾಗ "ಏನಂದೆ?" ಅನ್ನುವುದು. ಒಂದು ಭಾನುವಾರ ಪ್ರೆಸ್ಸಿನಿಂದ ಕರೆ ಬಂತೆಂದು ಅವನು ಅರ್ಧಕ್ಕೇ ಎದ್ದು ಹೋದ. ಸೊಸೆ ಎಣ್ಣೆಗೈಯಲ್ಲೇ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು. ಬಟ್ಟೆ ಒಣಹಾಕಲು ಬಂದಿದ್ದ ಟೇಲರಮ್ಮ, "ನಾನು ಒತ್ತಲಾ?" ಅಂದರು. ಸೊಸೆ ಒಂದು ಕ್ಷಣ ಯೋಚಿಸಿ, "ಕೂತ್ಕೊಳ್ಳಿ" ಅಂದಳು.

ಟೇಲರಮ್ಮ ಹರೆಯದಿಂದ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಬಾಳು ಸವೆಸಿದವರು. ಶಾಲೆಯ ಮಕ್ಕಳ ಸಮವಸ್ತ್ರ, ಆಸ್ಪತ್ರೆಯ ಪರದೆ, ಯಾರದೋ ಮದುವೆಯ ಕೋಟು, ಎಲ್ಲವನ್ನೂ ಹೊಲಿದಿದ್ದರು. ಎಲ್ಲಿ ತುಳಿಯಬೇಕು, ಎಲ್ಲಿ ತಡೆಯಬೇಕು ಅನ್ನುವುದು ಅವರ ತಲೆಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತಿತ್ತು. ಅವತ್ತು ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕೂ ಚಕ್ರದ ಕೆಲಸ ಮುಗಿಯಿತು. ಸೊಸೆ ಪೆಡಲ್ ಒತ್ತಿ ನೋಡಿ, "ಇನ್ಮೇಲೆ ಅವರನ್ನ ಕರೆಯೋದೇ ಬೇಡ" ಅಂದಳು. ಆ ಮನೆಗೆ ಬಂದ ಮೇಲೆ ಅವಳು ಅತ್ತೆಯನ್ನು ಮೆಚ್ಚಿ ಆಡಿದ ಮೊದಲ ಮಾತು ಅದು.

ಅದಕ್ಕೆ ಮೊದಲು ಅವರಿಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಉಪ್ಪು ಸಾಕಾ, ಗ್ಯಾಸ್ ಆಫ್ ಮಾಡಿದ್ಯಾ, ಚಾವಿ ಎಲ್ಲಿ, ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ಸೊಸೆಗೆ ದಂತ ಪ್ರಯೋಗಾಲಯದಲ್ಲಿ ಕಟ್ಟುಹಲ್ಲು ಮಾಡುವ ಕೆಲಸ. ಇಡೀ ದಿನ ಯಾರದೋ ದವಡೆಯ ಅಚ್ಚಿನ ಮುಂದೆ ಬಗ್ಗಿ ಕೂತು, ಕೂದಲೆಳೆಯಷ್ಟು ಉಜ್ಜಿ, ಮತ್ತೆ ನೋಡಿ, ಮತ್ತೆ ಉಜ್ಜುವವಳು. ಅಂಥವಳಿಗೆ ಈ ಕಾರಿನ ಹುಚ್ಚು ಎಲ್ಲಿಂದ ಹತ್ತಿತೋ ಟೇಲರಮ್ಮನಿಗೆ ಬಗೆಹರಿದಿರಲಿಲ್ಲ. ಊರಾಚೆ ಒಂದು ರೇಸ್ ಟ್ರ್ಯಾಕ್ ಇತ್ತು. ಕೆಲವು ದಿನ ಅದನ್ನು ಸಾಮಾನ್ಯ ಜನರಿಗೆ ಬಿಟ್ಟುಕೊಡುತ್ತಿದ್ದರು. ಸೋಲು ಗೆಲುವು ಏನೂ ಇಲ್ಲ. ಅವರವರ ಕಾರು ತಂದು, ಅವರವರ ಧೈರ್ಯ ಇದ್ದಷ್ಟು ಜೋರಾಗಿ ಓಡಿಸಿ, ಮನೆಗೆ ಹೋಗುವುದು. ಪೆಡಲ್ ಒತ್ತಲು ಶುರುಮಾಡಿದ ಮೇಲೆ ಟೇಲರಮ್ಮನೂ ಅಲ್ಲಿಗೆ ಹೋಗತೊಡಗಿದರು. ಸೊಸೆ ಅವರಿಗೊಂದು ಮಡಚುವ ಕುರ್ಚಿ ತಂದುಕೊಟ್ಟಳು. ಅವರು ಟೋಪಿ ಹಾಕಿಕೊಂಡು ಕೂತು, ನೀಲಿ ಕಾರು ಕಣ್ಣಿಗೆ ಬಿದ್ದಾಗಲೆಲ್ಲ ಉಸಿರು ಬಿಗಿಹಿಡಿದು, ತಿರುವು ದಾಟಿದ ಮೇಲೆ ಬಿಡುತ್ತಿದ್ದರು.

ತೊಂದರೆ ಶುರುವಾದದ್ದು ಒಂದು ಶನಿವಾರ. ಮರುದಿನ ಟ್ರ್ಯಾಕಿಗೆ ಹೋಗುವುದಿತ್ತು. ಮಾಮೂಲಿನಂತೆ ಟೇಲರಮ್ಮ ಒತ್ತಿ ಹಿಡಿದಿದ್ದರು. ಸೊಸೆ ನಿಪ್ಪಲ್ ಬಿಗಿಮಾಡಿ, ಪೈಪನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. ನಿಪ್ಪಲ್ ಬಿಗಿಯಾಗಿದ್ದಾಗ ಪೆಡಲ್ ನಿಂತಲ್ಲೇ ನಿಲ್ಲಬೇಕು. ಆದರೆ ಟೇಲರಮ್ಮನ ಪಾದ ಮೆಲ್ಲಗೆ, ಬಹಳ ಮೆಲ್ಲಗೆ ಕೆಳಕ್ಕಿಳಿಯುತ್ತಿತ್ತು. ಅವರು ಮೊಣಕಾಲಿಗೆ ಬಲ ತಂದುಕೊಂಡು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಪಾದ ಮತ್ತೂ ಇಳಿಯಿತು.

ಕಾಲು ಸೋಲುತ್ತಿದೆ ಎಂದುಕೊಂಡರು. ಬೇರೇನೂ ಅವರಿಗೆ ಹೊಳೆಯಲಿಲ್ಲ. ಕೆಲವು ದಿನಗಳ ಹಿಂದಷ್ಟೇ ಮೆಟ್ಟಿಲಲ್ಲಿ ಕಾಲು ಜಾರಿ ಕಂಬಿ ಹಿಡಿದುಕೊಂಡಿದ್ದರು. ಅದನ್ನು ನೋಡಿದ ಮಗ, "ಅಮ್ಮಾ, ಇನ್ಮೇಲೆ ಆರಾಮಾಗಿ ಕೂತಿರು. ನಿನಗ್ಯಾಕೆ ಇಲ್ಲದ ಉಸಾಬರಿ" ಅಂದಿದ್ದ. ಆರಾಮಾಗಿ ಕೂರುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಎದುರು ಮನೆಯ ಅಜ್ಜಿ ಕಿಟಕಿಯ ಪಕ್ಕ ಕೂತು ಹೋಗುವ ಬರುವ ಬಸ್ಸು ನೋಡುತ್ತಿದ್ದಳು. ಅಂಥದ್ದೇ ಒಂದು ಕುರ್ಚಿ ತಮಗೂ ಕಾದಿದೆ. ಕಾಲಿನ ವಿಷಯ ಬಾಯಿಬಿಟ್ಟರೆ ಭಾನುವಾರಗಳೂ ಹೋದವು, ಟ್ರ್ಯಾಕೂ ಹೋಯಿತು, "ಒತ್ತಿ ಅತ್ತೆ" ಅನ್ನುವ ದನಿಯೂ ಹೋಯಿತು.

"ಅತ್ತೆ, ಪೆಡಲ್ ಗಟ್ಟಿ ಇದೆಯಾ?" ಸೊಸೆ ಕೆಳಗಿನಿಂದ ಕೇಳಿದಳು.

"ಇದೆ ಇದೆ," ಅಂದು ಟೇಲರಮ್ಮ ಎಡಗಾಲನ್ನೂ ಬಲಗಾಲಿನ ಮೇಲೆ ಇಟ್ಟು ಒತ್ತಿದರು.

ಮರುದಿನ ಟ್ರ್ಯಾಕಿನಲ್ಲಿ ಮೊದಲ ಸುತ್ತುಗಳು ಚೆನ್ನಾಗಿಯೇ ಹೋದವು. ಆಮೇಲೆ ಉದ್ದನೆಯ ನೇರ ದಾರಿಯ ಕೊನೆಯಲ್ಲಿ, ಎಲ್ಲರೂ ಬ್ರೇಕ್ ಹಾಕುವ ಜಾಗದಲ್ಲಿ, ನೀಲಿ ಕಾರಿನ ವೇಗ ಸಾಕಷ್ಟು ಇಳಿಯಲಿಲ್ಲ. ತಿರುವಿಗೆ ಬಾಗದೆ ಅದು ನೇರವಾಗಿ, ದಾರಿ ತಪ್ಪಿದ ಕಾರು ತಡೆಯಲು ಹಾಸಿದ ಜಲ್ಲಿಯೊಳಗೆ ನುಗ್ಗಿ, ಧೂಳೆಬ್ಬಿಸಿಕೊಂಡು ಹೂತು ನಿಂತಿತು. ಟೇಲರಮ್ಮ ಕುರ್ಚಿಯಿಂದ ಎದ್ದದ್ದು ಅವರಿಗೇ ಗೊತ್ತಿಲ್ಲ. ಧೂಳು ಇಳಿಯಿತು. ಆಮೇಲೆ ಬಾಗಿಲು ತೆರೆಯಿತು, ಹೆಲ್ಮೆಟ್ಟಿನ ತಲೆಯೊಂದು ಹೊರಬಂತು, ಕೈ ಎತ್ತಿ ಆಡಿಸಿತು.

ಕಾರನ್ನು ಎಳೆದುತಂದು ಟ್ರ್ಯಾಕಿನ ಶೆಡ್ಡಿನಲ್ಲಿ ನಿಲ್ಲಿಸಿದರು. ಪಕ್ಕದ ಜಾಗದಲ್ಲಿದ್ದವನು ಒಬ್ಬ ಪಶುವೈದ್ಯ. ಆನೆಯಂಥ ಆಳು, ಅವನ ಹಳದಿ ಕಾರು ಅವನಿಗೆ ಒಂದು ಅಳತೆ ಚಿಕ್ಕದು. ಕರೆಯದಿದ್ದರೂ ಬಂದು ಬಗ್ಗಿ ನೋಡಿದ.

"ಏನಾಯ್ತಮ್ಮಾ?"

"ಪೆಡಲ್ ಕೆಳಗೆ ಹೋಗ್ಬಿಡ್ತು ಡಾಕ್ಟ್ರೇ. ಎರಡು ಸಲ ಪಂಪ್ ಮಾಡ್ದೆ, ಆಮೇಲೆ ಸ್ವಲ್ಪ ಬ್ರೇಕ್ ಸಿಕ್ತು."

"ಆಯಿಲ್ ಕುದ್ದಿರಬೇಕು. ಬ್ರೇಕ್ ಕಾದು ಆಯಿಲ್ ಕುದ್ರೆ ಹೀಗೇ ಆಗೋದು."

"ಹೊಸ ಆಯಿಲ್. ಜಾಸ್ತಿ ಬಿಸಿ ತಡೆಯೋದು."

"ಹಾಗಾದ್ರೆ ಎಲ್ಲೋ ಸೋರ್ತಿದೆ."

ಸೊಸೆ ಟಾರ್ಚ್ ಹಿಡಿದು ಒಂದೊಂದೇ ಪೈಪನ್ನು, ಒಂದೊಂದೇ ಜೋಡಣೆಯನ್ನು ಬೆರಳಲ್ಲಿ ಸವರಿ ನೋಡಿದಳು. ಎಲ್ಲ ಒಣಗಿತ್ತು. ಪೈಪುಗಳಿಗೆ ಆಯಿಲ್ ಒದಗಿಸುವ ಡಬ್ಬಿಯಲ್ಲಿ ಅದು ಇದ್ದಷ್ಟೇ ಇತ್ತು. ಬ್ರೇಕ್ ಪ್ಯಾಡು ಸವೆದಿರಲಿಲ್ಲ. ಚಕ್ರ ಹಿಡಿದು ಅಲ್ಲಾಡಿಸಿದರು, ಬೇರಿಂಗ್ ಗಟ್ಟಿಯಾಗಿತ್ತು. ಕೊನೆಗೆ ಸೊಸೆ, "ಗಾಳಿನೇ ಉಳಿದಿರಬೇಕು. ಇನ್ನೊಂದು ಸಲ ತೆಗೆಯೋಣ" ಅಂದಳು. ಟೇಲರಮ್ಮ ಕೂತರು, ಒತ್ತಿದರು, ಹಿಡಿದರು, ಬಿಟ್ಟರು. ಒಂದು ಗುಳ್ಳೆಯೂ ಬರಲಿಲ್ಲ. ಹಿಡಿದಾಗಲೆಲ್ಲ ಪಾದ ಮಾತ್ರ ಮೆಲ್ಲಗೆ ಇಳಿಯುತ್ತಲೇ ಇತ್ತು.

"ಈಗ ಹೇಗಿದೆ ಅತ್ತೆ?"

"ಸರಿ ಇದೆ."

ಸೊಸೆ ತಾನೂ ಕೂತು ಒಂದೆರಡು ಸಲ ಟಕಟಕನೆ ಒತ್ತಿ ನೋಡಿದಳು. ಹಾಗೆ ಬೇಗ ಬೇಗ ಒತ್ತಿದರೆ ಪೆಡಲ್ ಗಟ್ಟಿಯಾಗಿಯೇ ಇತ್ತು. "ಇನ್ನೊಂದು ರೌಂಡ್ ನಿಧಾನವಾಗಿ ಹೋಗಿ ನೋಡ್ತೀನಿ" ಎಂದು ಹೆಲ್ಮೆಟ್ ತಲೆಗೇರಿಸಿಕೊಂಡು ಗಲ್ಲದ ಪಟ್ಟಿ ಬಿಗಿಯತೊಡಗಿದಳು. ಅವಳ ತೋಳಿನ ಮೇಲೆ ಜಲ್ಲಿಯ ಧೂಳು ಇನ್ನೂ ಹಾಗೇ ಮೆತ್ತಿಕೊಂಡಿತ್ತು.

ಟೇಲರಮ್ಮ ಆ ತೋಳನ್ನು ನೋಡಿದರು. ಅವರಿಗೆ ಯಂತ್ರದ ವಿಷಯ ಏನೂ ಹೊಳೆದಿರಲಿಲ್ಲ. ಕೈಲಾಗದ ಕಾಲಿನಿಂದ ತಾನು ಕೆಲಸ ಕೆಡಿಸಿದ್ದೇನೆ, ಗಾಳಿ ಒಳಗೇ ಉಳಿದಿದೆ, ಈ ಹುಡುಗಿ ಅದನ್ನೇ ನಂಬಿ ಹೊರಟಿದ್ದಾಳೆ, ಇಷ್ಟೇ ಅವರಿಗೆ ಕಂಡದ್ದು. ಅವರು ಹೋಗಿ ಕಾರಿನ ಬಾಗಿಲು ಹಿಡಿದುಕೊಂಡರು.

"ಹೋಗ್ಬೇಡ ಕಣೇ."

"ಯಾಕತ್ತೆ?"

"ನನ್ನ ಕಾಲು ನಿಲ್ತಾ ಇಲ್ಲ. ನೀನು ಹಿಡೀರಿ ಅಂದಾಗ ಹಿಡಿಯೋಕಾಗ್ತಿಲ್ಲ, ಕೆಳಗೆ ಹೋಗ್ತಾ ಇರುತ್ತೆ. ನಿನ್ನೆಯಿಂದ ಹೀಗೇ. ಹೇಳ್ಲಿಲ್ಲ. ನನ್ನಿಂದ ಇನ್ನು ಆಗಲ್ಲ, ಬೇರೆ ಯಾರ ಕೈಲಾದ್ರೂ ಒತ್ತಿಸು."

ಸೊಸೆಯ ಕೈ ಗಲ್ಲದ ಪಟ್ಟಿಯ ಮೇಲೇ ನಿಂತಿತು. "ಕೆಳಗೆ ಹೋಗುತ್ತೆ ಅಂದ್ರೆ? ನಾನು ನಿಪ್ಪಲ್ ಬಿಗಿ ಮಾಡಿದ ಮೇಲೂನಾ?"

"ಹೂಂ. ಮೆತ್ತಗೆ. ಎರಡೂ ಕಾಲಿಟ್ಟು ಒತ್ತಿದ್ರೂ ಅಷ್ಟೇ."

ಸೊಸೆ ಹೆಲ್ಮೆಟ್ ತೆಗೆದು ಪಕ್ಕದ ಸೀಟಿನ ಮೇಲಿಟ್ಟು ಕೆಳಗಿಳಿದಳು. ಪಶುವೈದ್ಯನ ಕಡೆ ತಿರುಗಿ, "ಡಾಕ್ಟ್ರೇ, ಸ್ವಲ್ಪ ಕೂತ್ಕೊಳ್ತೀರಾ? ಪೆಡಲ್ ಒತ್ತಿ, ಹಾಗೇ ಹಿಡ್ಕೊಂಡಿರಿ" ಅಂದಳು. ಅವನು ಹೊಟ್ಟೆ ಒಳಗೆಳೆದುಕೊಂಡು, ಮೈ ಮಡಚಿಕೊಂಡು ಹೇಗೋ ಸೀಟಿಗೆ ಇಳಿದ. ಕಂಬದಂಥ ಕಾಲನ್ನು ಪೆಡಲ್ ಮೇಲಿಟ್ಟ. ಮೂವರೂ ಆ ಶೂ ಮೇಲೇ ಕಣ್ಣು ನೆಟ್ಟರು. ಶೂ ಗಡಿಯಾರದ ಮುಳ್ಳಿನಂತೆ, ಚಲಿಸಿದ್ದೇ ಗೊತ್ತಾಗದಂತೆ ಕೆಳಕ್ಕೆ ಇಳಿಯಿತು.

"ಅರೆ, ಹೌದಲ್ಲಾ!" ಅಂದ ಪಶುವೈದ್ಯ.

"ಅಯ್ಯೋ, ನಿಮ್ಮದೂ ಇಳಿಯುತ್ತೆ!" ಟೇಲರಮ್ಮ ಚಪ್ಪಾಳೆ ತಟ್ಟಿಬಿಟ್ಟರು. "ನನ್ನ ಕಾಲಲ್ಲ! ನೋಡೇ, ನನ್ನ ಕಾಲಲ್ಲ! ಬ್ರೇಕೇ ಹಾಳಾಗಿರೋದು!"

ಸುತ್ತಮುತ್ತಲಿನವರು ಕತ್ತೆತ್ತಿ ನೋಡಿದರು. ಬ್ರೇಕ್ ಹಾಳಾಯಿತೆಂದು ಇಷ್ಟು ಸಂತೋಷಪಟ್ಟವರನ್ನು ಆ ಟ್ರ್ಯಾಕಿನಲ್ಲಿ ಯಾರೂ ಕಂಡಿರಲಿಲ್ಲ. ಸೊಸೆ ಮೊದಲು ನಕ್ಕಳು. ಆಮೇಲೆ ನಗು ನಿಂತು, ಮುಖ ಗಂಭೀರವಾಯಿತು.

"ನಿನ್ನೆಯೇ ಹೇಳಿದ್ರೆ ಇವತ್ತು ನಾನು ಅಲ್ಲಿಗೆ ಹೋಗ್ತಾನೇ ಇರ್ಲಿಲ್ಲ ಅತ್ತೆ," ಅಂದಳು, ಜಲ್ಲಿಯ ಕಡೆ ಕೈ ತೋರಿಸಿ.

"ಗೊತ್ತು."

"ಇನ್ನೊಂದ್ಸಲ ಹೀಗೆ ಮಾಡ್ಬೇಡಿ. ಕಾಲು ನೋವಾಗ್ಲಿ, ತಲೆ ಸುತ್ತಲಿ, ಏನಾದ್ರೂ ಸರಿ, ಹೇಳ್ಬೇಕು."

"ಹೇಳ್ತೀನಿ," ಅಂದರು ಟೇಲರಮ್ಮ. ಬೈಸಿಕೊಂಡದ್ದಕ್ಕೆ ಅವರಿಗೆ ಬೇಜಾರಾಗಲಿಲ್ಲ. ತಪ್ಪು ತಮ್ಮದೇ, ಅದರಲ್ಲಿ ಎರಡು ಮಾತಿರಲಿಲ್ಲ.

ಕಾರನ್ನು ಟ್ರಕ್ಕಿನ ಮೇಲೆ ಹೇರಿಸಿ ಮನೆಗೆ ತಂದರು. ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಕೊಳವೆ, ಅದನ್ನು ಸೊಸೆ ಕಳಚಿಕೊಂಡು ಬಂದು ಅಡಿಗೆಮನೆಯ ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದಳು. ಒಳಗೆ ಆಯಿಲ್ ನುಸುಳದಂತೆ ತಡೆಯುವ ರಬ್ಬರಿನ ಸೀಲುಗಳಿದ್ದವು. ಪ್ರಯೋಗಾಲಯದ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ನೋಡಿದಳು. ಒಂದು ಸೀಲಿನ ಅಂಚು ಹರಿದಿತ್ತು. ಆಯಿಲ್ ಹೊರಗೆ ಸೋರದೆ, ಆ ಹರಕಿನಿಂದ ಒಳಗೊಳಗೇ ಹಿಂದಕ್ಕೆ ನುಸುಳುತ್ತಿತ್ತು. ಡಬ್ಬಿಯಲ್ಲಿ ಕಡಿಮೆಯಾಗದ್ದು, ನೆಲದ ಮೇಲೆ ಒಂದು ತೊಟ್ಟೂ ಕಾಣದ್ದು ಅದಕ್ಕೇ.

"ಹರಿದದ್ದು ಹೇಗೆ?" ಟೇಲರಮ್ಮ ಕೇಳಿದರು.

ಸೊಸೆ ಕೊಳವೆಯ ಒಳಗೆ ಬೆಳಕು ಬಿಟ್ಟು ತೋರಿಸಿದಳು. ಮುಂಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು, ತುದಿಯ ಕಡೆ ತುಕ್ಕು ಹಿಡಿದು ತರಿತರಿಯಾಗಿತ್ತು. "ಓಡಿಸುವಾಗ ಸೀಲು ಇಲ್ಲೀತನಕ ಮಾತ್ರ ಬರುತ್ತೆ. ಗಾಳಿ ತೆಗೆಯುವಾಗ ನಾವು ಪೂರ್ತಿ ಕೆಳಗೆ ಒತ್ತಿದ್ವಲ್ಲ, ಆಗ ಈ ತುಕ್ಕಿಗೆ ಉಜ್ಜಿ ಹರಿದಿದೆ. ನಿಮ್ಮ ಮಗ ಒತ್ತುವಾಗ ಅರ್ಧಕ್ಕೇ ಬಿಡ್ತಿದ್ರು, ಅದಕ್ಕೇ ಇಷ್ಟು ದಿನ ಉಳ್ಕೊಂಡಿತ್ತು."

"ಅಂದ್ರೆ ನಾನೇ ಹರಿದೆ ಅನ್ನು."

"ಪೂರ್ತಿ ಒತ್ತಿ ಅಂತ ಹೇಳಿದ್ದು ನಾನೇ ಅಲ್ವಾ. ಹಳೇ ಕಾರು, ಯೋಚನೆ ಮಾಡ್ಬೇಕಿತ್ತು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಗ, "ಹಾಗಾದ್ರೆ ನಾನು ಸರಿಯಾಗೇ ಒತ್ತುತ್ತಿದ್ದೆ!" ಅಂದ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಅವನು ನೀರು ಕುಡಿದು ಹೋದ.

ಹೊಸ ಸಿಲಿಂಡರ್ ಬಂತು. ಸೊಸೆ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟಳು, ಕಾಲು ಎಷ್ಟೇ ಬಲವಾಗಿ ಒತ್ತಿದರೂ ಅದರಿಂದ ಕೆಳಗೆ ಹೋಗದಂತೆ. ಟೇಲರಮ್ಮ ಕೂತು ಒತ್ತಿದರು. ನಾಲ್ಕೂ ಚಕ್ರದ ಗಾಳಿ ತೆಗೆದಾದ ಮೇಲೆ ಸೊಸೆ ಕೆಳಗಿನಿಂದಲೇ, "ಈಗ ಒತ್ತಿ ಹಿಡ್ಕೊಂಡಿರಿ, ನಾನು ಹೇಳೋತನಕ ಬಿಡ್ಬೇಡಿ" ಅಂದಳು. ಟೇಲರಮ್ಮ ಹಿಡಿದರು. ಪೆಡಲ್ ಬಂಡೆಯಂತೆ ನಿಂತಿತ್ತು. ಸೊಸೆ ಎದ್ದು ಕೈ ತೊಳೆದುಕೊಂಡು ಬಂದರೂ ಅದು ಕದಲಲಿಲ್ಲ.

"ಇಳೀತಾ?"

"ಇಲ್ಲ. ನಿಜವಾಗ್ಲೂ ಇಲ್ಲ."

ಮುಂದಿನ ಸಲ ಟ್ರ್ಯಾಕಿನಲ್ಲಿ ಸೊಸೆ ಮೊದಲ ಸುತ್ತುಗಳನ್ನು ಬಹಳ ಎಚ್ಚರದಿಂದ ಹೋದಳು. ನೇರ ದಾರಿಯ ಕೊನೆಗೆ ತುಂಬ ಮೊದಲೇ ಬ್ರೇಕ್ ಹಾಕಿ ನೋಡಿದಳು, ಮತ್ತೆ ಸ್ವಲ್ಪ ತಡವಾಗಿ, ಇನ್ನೂ ಸ್ವಲ್ಪ ತಡವಾಗಿ. ಪ್ರತಿ ಸಲವೂ ನೀಲಿ ಕಾರು ಮೂಗು ತಗ್ಗಿಸಿ, ಹೇಳಿದಂತೆ ಕೇಳಿ, ತಿರುವಿನೊಳಗೆ ಹೋಯಿತು. ಶೆಡ್ಡಿಗೆ ಬಂದು ಇಳಿದವಳೇ, "ಹೊಟ್ಟೆ ಹಸೀತಿದೆ" ಅಂದಳು. ಇಬ್ಬರೂ ಟೈರುಗಳ ಮೇಲೆ ಕೂತು, ಡಬ್ಬಿಯಲ್ಲಿ ತಂದಿದ್ದ ಬ್ರೆಡ್ಡು ಮೊಟ್ಟೆ ಹಂಚಿಕೊಂಡು ತಿಂದರು.

ಅಷ್ಟರಲ್ಲಿ ಪಶುವೈದ್ಯ ಬಂದು, ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ ನಿಂತ. "ಅಮ್ಮಾ, ನನ್ನ ಕಾರಿನ ಪೆಡಲ್ಲೂ ಯಾಕೋ ಮೆತ್ತಗಿದೆ. ಒಂಚೂರು ಕೂತು ಹೇಗಿದೆ ಅಂತ ಹೇಳ್ತೀರಾ?"

"ತಿಂದು ಬರ್ತೀನಿ," ಅಂದರು ಟೇಲರಮ್ಮ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ. "ಮೊದ್ಲು ಮರದ ತುಂಡು ಒಂದು ಹುಡುಕಿಡಿ."