ಜುಮಾಲಿಯ ಗಾಡಿಯ ಸದ್ದು

ನಮ್ಮ ಬೆಟ್ಟದ ಹಳ್ಳಿ ತೆರೆಕ್-ಬುಲಾಕಿನಲ್ಲಿ ಸತ್ತವನ ಕುದುರೆಯನ್ನು ಒಂದು ವರ್ಷ ಯಾರೂ ಹತ್ತುವುದಿಲ್ಲ. ಬಾಲ ಕತ್ತರಿಸಿ, ಜೀನನ್ನು ಹಿಂದುಮುಂದಾಗಿ ಕಟ್ಟಿ ಬಿಡುತ್ತೇವೆ. ಹೋದ ನವೆಂಬರಿನಲ್ಲಿ ನನ್ನ ನೆರೆಮನೆಯ ಜುಮಾಲಿ ಹುಲ್ಲಿನ ಮೆದೆ ಒಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಅವನಿಗೆ ಕುದುರೆ ಇರಲಿಲ್ಲ, ಪಕ್ಕಕ್ಕೆ ತೊಟ್ಟಿ ಜೋಡಿಸಿದ ಮೂರು ಚಕ್ರದ ಮೋಟಾರ್‌ಸೈಕಲ್ ಇತ್ತು. ಅವನ ತಾಯಿ ಕಲೀಪ ಅಪಾ (ಹಿರಿಯ ಹೆಂಗಸರನ್ನು ನಾವು ಅಪಾ ಎನ್ನುತ್ತೇವೆ) ಹ್ಯಾಂಡಲಿಗೆ ಕಟ್ಟಿದ್ದ ಯಾಕ್ ಬಾಲದ ಕುಚ್ಚನ್ನು ಕುರಿ ಕತ್ತರಿಸುವ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿದಳು. ಸೀಟು ಬಿಚ್ಚಿ ತಿರುಗಿಸಿ ಕಟ್ಟು ಅಂದಳು. ಕಟ್ಟಿದವನು ನಾನೇ. ಮೇಲೆ ಕಂಬಳಿ ಹೊದಿಸಿ ಕೊಟ್ಟಿಗೆಗೆ ತಳ್ಳಿದೆವು.

ಮೂವತ್ತು ವರ್ಷದಿಂದ ಊರಿನ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡು ಬಂದವನು ನಾನು. ಚಳಿಗೆ ಮುಂಚೆ ಗಾಡಿಗೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲವೇ? ಕಾರ್ಬುರೇಟರಿನ ಪೆಟ್ರೋಲ್ ಇಳಿಸಬೇಕು, ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎರಡು ಚಮಚ ಎಣ್ಣೆ ಬಿಡಬೇಕು, ಬ್ಯಾಟರಿಯನ್ನು ಮನೆಯೊಳಗೆ ಬೆಚ್ಚಗೆ ಇಡಬೇಕು. ಆದರೆ ಸಾವಿನ ಮನೆಯಲ್ಲಿ ಕಾರ್ಬುರೇಟರಿನ ಮಾತು ಎತ್ತುವುದು ಹೇಗೆ? ಬಾಯಿ ಮುಚ್ಚಿಕೊಂಡಿದ್ದೆ. ಅದು ನನ್ನ ತಪ್ಪು.

ಅಪಾಳ ತಪ್ಪು ಬೇರೆ. ಸತ್ತವರಿಗೆ ವಾಸನೆ ತಲುಪಲೆಂದು ಗುರುವಾರ ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತೇವಲ್ಲ, ಆ ದಿನ ಅವಳು ಕೊಟ್ಟಿಗೆಯ ಬಾಗಿಲನ್ನೂ ತೆರೆದಿಡುತ್ತಿದ್ದಳು. ಮಗನ ಗಾಡಿಗೂ ವಾಸನೆ ಹೋಗಲಿ ಎಂದು. ವಾಸನೆ ಹೋಯಿತೋ ಬಿಟ್ಟಿತೋ, ಹಿಮವಂತೂ ಚಳಿಗಾಲವಿಡೀ ಒಳಗೆ ಹೋಯಿತು.

ಇದೆಲ್ಲ ಬಂದು ಬಿದ್ದದ್ದು ಜುಮಾಲಿಯ ಹೆಂಡತಿ ಸೈರಾಗುಲ್ ತಲೆಯ ಮೇಲೆ. ನಮ್ಮೂರಿಗೂ ಬೆಟ್ಟದ ಮೇಲಿನ ಉಚ್-ತಾಶ್ ಹಟ್ಟಿಗೂ ಅವಳೊಬ್ಬಳೇ ಹೆರಿಗೆ ನರ್ಸ್. ಊರ ಹೊರಗಿನ ಮರದ ಸೇತುವೆ ಕಾರಿಗೆ ಸಾಲದಷ್ಟು ಕಿರಿದು, ಜುಮಾಲಿಯ ಮೂರು ಚಕ್ರಕ್ಕೆ ಸರಿಯಾಗಿ ಸಾಕು. ಅಂಥ ಗಾಡಿ ಊರಲ್ಲಿ ಉಳಿದಿರುವುದು ಅದೊಂದೇ. ಹದಿನೆಂಟು ವರ್ಷ ಅವನು ಓಡಿಸಿದ, ಅವಳು ಔಷಧದ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಪಕ್ಕದ ತೊಟ್ಟಿಯಲ್ಲಿ ಕೂತಳು. ನಾವು ಅದನ್ನು ತೊಟ್ಟಿಲು ಎನ್ನುತ್ತೇವೆ. ಮದುವೆ ಊಟಗಳಲ್ಲಿ ಜುಮಾಲಿಗೆ ಕುಡಿತ ಹೆಚ್ಚಾದಾಗ ಮಾತ್ರ ಅವನು ತೊಟ್ಟಿಲಿಗೆ, ಅವಳು ಸೀಟಿಗೆ. ಹಾಗೆ ಓಡಿಸುವುದನ್ನೂ ಕಲಿತಳು.

ಮಾರ್ಚ್ ಕೊನೆಯಲ್ಲಿ ಉಚ್-ತಾಶಿನಿಂದ ಕರೆ ಬಂದಾಗ ಅವಳು ಯಾರದೋ ಕುದುರೆ ಎರವಲು ಪಡೆದು ಹೋದಳು. ಗಾಡಿಯಲ್ಲಾದರೆ ಒಂದು ಗಂಟೆಯ ದಾರಿ, ಕುದುರೆಗೆ ನಾಲ್ಕು. ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು, ಉಳಿಯಲಿಲ್ಲ. ಅರ್ಧ ಗಂಟೆ ಮುಂಚೆ ತಲುಪಿದ್ದರೆ ಬಿಡಿಸಬಹುದಿತ್ತು ಎಂದು ಅವಳೇ ಹೇಳಿದಳು.

ಏಪ್ರಿಲ್ ನಡುವೆ ಒಂದು ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದು ನಿಂತಳು.

"ಎಸೆನ್ ಅಣ್ಣ, ಗಾಡಿ ರೆಡಿ ಮಾಡ್ಕೊಡಿ."

"ವರ್ಷ ತುಂಬಿಲ್ವಲ್ಲಮ್ಮ. ಅಪಾ ಏನಂತಾರೆ?"

"ಬೇಡ ಅಂತಾರೆ. ಉಚ್-ತಾಶಿನ ನುರಿಪಾಗೆ ದಿನ ತುಂಬಿದೆ ಅಣ್ಣ. ಮೊದಲನೇ ಹೆರಿಗೇಲಿ ಅವಳಿಗೆ ರಕ್ತ ನಿಂತಿರ್ಲಿಲ್ಲ. ಈ ಸಲಾನೂ ನಾನು ತಡವಾಗಿ ಹೋದ್ರೆ ಬದುಕಲ್ಲ."

ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಕಲೀಪ ಅಪಾ ಕೊಟ್ಟಿಗೆ ಬಾಗಿಲಲ್ಲಿ ಬಕೆಟ್ ಮಗುಚಿ ಹಾಕಿಕೊಂಡು ಅದರ ಮೇಲೆ ಕೂತಿದ್ದಳು.

"ಏನೋ, ನನ್ನ ಮಗನ ಮಣ್ಣು ಆರಿಲ್ಲ, ಆಗ್ಲೇ ಬಂದ್ಯಾ?"

"ಯಾರೂ ಹತ್ತಲ್ಲ ಅಪಾ. ವರ್ಷ ಬಿಟ್ಟ ಕುದುರೆಗೆ ಮೇವು ಹಾಕ್ತೀವೋ ಇಲ್ವೋ? ನಾನು ಮೇವು ಹಾಕಕ್ಕೆ ಬಂದಿದೀನಿ."

"ನಿನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ," ಎಂದು ಬಯ್ದಳು. ಆದರೆ ಬಕೆಟ್ ಸರಿಸಿ ದಾರಿ ಬಿಟ್ಟಳು.

ಕಂಬಳಿ ತೆಗೆದೆ. ಬ್ಯಾಟರಿ ಹೆಪ್ಪುಗಟ್ಟಿ ಒಡೆದಿತ್ತು. ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತುಗಳೆಲ್ಲ ಕಟ್ಟಿಹೋಗಿದ್ದವು. ಜುಮಾಲಿಯ ಕೈಗವಸಿನ ಉಣ್ಣೆ ಕಿತ್ತು ಇಲಿ ಏರ್ ಫಿಲ್ಟರಿನಲ್ಲಿ ಗೂಡು ಮಾಡಿತ್ತು. ಪಿಸ್ಟನ್ ತುಕ್ಕಿಗೆ ಅಂಟಿಕೊಂಡಿತ್ತು. ಪ್ಲಗ್ ತೂತಿನಿಂದ ಸೀಮೆಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಬಿಟ್ಟೆ. ಅಷ್ಟರಲ್ಲಿ ಕಾರ್ಬುರೇಟರ್, ಫಿಲ್ಟರ್ ತೊಳೆದು, ನನ್ನಲ್ಲಿದ್ದ ಹಳೆ ಬ್ಯಾಟರಿಯೊಂದನ್ನು ಹಾಕಿದೆ. ಸೈರಾಗುಲ್ ಕೆಲಸ ಮುಗಿಸಿ ಬಂದು ಬ್ರೇಕಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಕೈ ಕಪ್ಪಾದರೂ ಗೊಣಗಲಿಲ್ಲ. ಮೂರನೆಯ ದಿನ ಕಿಕ್ ಅನ್ನು ಕಾಲಲ್ಲಿ ಒತ್ತಿದಾಗ ಪಿಸ್ಟನ್ ಅಲುಗಿತು. ಆದರೆ ಸ್ಟಾರ್ಟ್ ಮಾಡಲಿಲ್ಲ. ಬರೀ ಮೇವು ಹಾಕುತ್ತೇನೆಂದು ಅಪಾಗೆ ಮಾತು ಕೊಟ್ಟಿದ್ದೆ. ಸೀಟು ಇನ್ನೂ ಹಿಂದಕ್ಕೇ ಮುಖ ಮಾಡಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ನುರಿಪಾಳ ಗಂಡ ಗುಡ್ಡದ ತುದಿಗೆ ಹತ್ತಿ ಫೋನ್ ಮಾಡಿದ. ನೋವು ಶುರುವಾಗಿದೆ, ರಕ್ತ ಕಾಣಿಸುತ್ತಿದೆ ಎಂದ. ಸೈರಾಗುಲ್ ಪೆಟ್ಟಿಗೆ ಹಿಡಿದು ಓಡಿಬಂದಳು. ಕಲೀಪ ಅಪಾ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅಪಾ, ದಾರಿ ಬಿಡಿ."

"ಸತ್ತೋನ ಜಾಗದಲ್ಲಿ ಕೂರಬಾರ್ದು."

"ಮಾರ್ಚಲ್ಲಿ ಸತ್ತಿದ್ದು ಇಷ್ಟೇ ಇಷ್ಟು ಮಗು ಅಪಾ. ನಾನೇ ಬಟ್ಟೆ ಸುತ್ತಿ ಅವ್ರ ಕೈಗೆ ಕೊಟ್ಟೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ಮುದುಕಿ ಬಾಗಿಲ ಕಂಬ ಹಿಡಿದುಕೊಂಡಳು.

"ವರ್ಷದ ಮಾತು ಅಲ್ಲ ಕಣೇ. ಈ ಗಾಡಿ ಸದ್ದು ಸೇತುವೆ ಹತ್ರ ಕೇಳಿದ್ ಕೂಡ್ಲೇ ನಾನು ಚಹಾಕ್ಕೆ ನೀರಿಡ್ತಿದ್ದೆ. ಹದಿನೆಂಟು ವರ್ಷ. ಈಗ ಕೇಳಿದ್ರೆ ಅವ್ನು ಬಂದ ಅಂತಾನೇ ಅನ್ಕೋತೀನಿ. ಆಮೇಲೆ ಬಾಗಿಲು ತೆಗೆದು ನೋಡ್ಬೇಕಲ್ಲ ನಾನು."

"ನಂಗೂ ಹಾಗೇ ಆಗತ್ತೆ ಅಪಾ," ಎಂದಳು ಸೈರಾಗುಲ್.

ಐದು ತಿಂಗಳಲ್ಲಿ ಅತ್ತೆ ಸೊಸೆ ಒಬ್ಬರೆದುರು ಒಬ್ಬರು ಅತ್ತದ್ದನ್ನು ನಾನು ನೋಡಿರಲಿಲ್ಲ. ಆವತ್ತು ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಅಪಾ ಮೂಗು ಒರೆಸಿಕೊಂಡು ನನ್ನ ಕಡೆ ಕೈ ಚಾಚಿದಳು.

"ಸ್ಪ್ಯಾನರ್ ಕೊಡು. ಮರದ ಕಂಬ ನಿಂತಂಗೆ ನಿಂತಿದೀಯಲ್ಲ."

ಮೊದಲ ಬೋಲ್ಟನ್ನು ಅವಳೇ ಸಡಿಲಿಸಿದಳು. ಉಳಿದದ್ದನ್ನು ನಾನು ಬಿಚ್ಚಿ ಸೀಟನ್ನು ಮುಂದಕ್ಕೆ ತಿರುಗಿಸಿ ಬಿಗಿದೆ. ಐದನೆಯ ಕಿಕ್ಕಿಗೆ ಗಾಡಿ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ನಿಂತಿತು. ಆರನೆಯದಕ್ಕೆ ಸ್ಟಾರ್ಟ್ ಆಯಿತು. ಅಪಾ ತಲೆವಸ್ತ್ರದ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

ನಾನು ಒಂದು ದೊಡ್ಡ ಕಲ್ಲನ್ನು ಎತ್ತಿ ತೊಟ್ಟಿಲ ಕಡೆ ತಂದೆ.

"ಅದ್ಯಾಕೋ?"

"ತೊಟ್ಟಿಲು ಖಾಲಿ ಇದ್ರೆ ಬಲಕ್ಕೆ ತಿರುಗಿಸ್ದಾಗ ಮೇಲೇಳತ್ತೆ ಅಪಾ. ಆ ದಾರೀಲಿ ಗಾಡಿ ಮಗುಚಿದ್ರೆ ನೇರ ಹೊಳೆಗೇ. ಭಾರ ಬೇಕು."

"ಕೆಳಗಿಡು ಅದನ್ನ. ನಾನು ಇದೀನಲ್ಲ."

ಎಪ್ಪತ್ತಾರರ ಮುದುಕಿ ನನ್ನ ಹೆಗಲು ಹಿಡಿದು ತೊಟ್ಟಿಲಿಗೆ ಇಳಿದಳು. ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. ಸೈರಾಗುಲ್ ಗಂಡನ ಸೀಟಿನಲ್ಲಿ ಕೂತು ಗೇರ್ ಹಾಕಿದಳು. ಸೇತುವೆ ದಾಟುವವರೆಗೂ ನಾನು ಅಲ್ಲೇ ನಿಂತಿದ್ದೆ.

ನುರಿಪಾ ಬದುಕಿದಳು, ಮಗಳೂ ಬದುಕಿದಳು. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬಿತ್ತಂತೆ. ಮಗುವಿಗೆ ಮೊದಲ ಬಟ್ಟೆ ಸುತ್ತಿದವಳು ಕಲೀಪ ಅಪಾ.

ಬೇಸಿಗೆಯಲ್ಲಿ ಅಪಾಳ ಮಂಡಿ ಕೈಕೊಟ್ಟಿತು. ಈಗ ತೊಟ್ಟಿಲಲ್ಲಿ ಕಲ್ಲು ಹೋಗುತ್ತದೆ, ಅವಳು ಮನೆಯಲ್ಲಿ ಇರುತ್ತಾಳೆ. ಮೊನ್ನೆ ಸೆಪ್ಟೆಂಬರಿನ ಒಂದು ಸಂಜೆ ನಾನು ಅವಳ ಮನೆಯಲ್ಲಿ ಕೂತಿದ್ದೆ. ಈ ಚಳಿಗಾಲಕ್ಕೆ ಬ್ಯಾಟರಿಯನ್ನು ಒಲೆ ಪಕ್ಕ, ತನ್ನ ಹಾಸಿಗೆಯ ಹತ್ತಿರವೇ ಇಡಬೇಕೆಂದು ನನಗೆ ಕಟ್ಟಪ್ಪಣೆ ಮಾಡುತ್ತಿದ್ದಳು. ಮಾತಿನ ನಡುವೆ ಸೇತುವೆಯ ಕಡೆಯಿಂದ ಗಾಡಿಯ ಸದ್ದು ಕೇಳಿತು. ಅವಳ ಮುಖ ಬಾಗಿಲ ಕಡೆ ತಿರುಗಿತು.

"ಈಗಲೂ ಅನ್ಸತ್ತಾ ಅಪಾ, ಅವ್ನು ಬಂದ ಅಂತ?"

"ಅನ್ಸತ್ತೆ," ಎಂದಳು. ಗೋಡೆ ಹಿಡಿದುಕೊಂಡು ಎದ್ದು ಒಲೆಯ ಮೇಲೆ ನೀರಿಟ್ಟಳು. "ಬರೋಳಿಗೂ ಚಹಾ ಬೇಕಲ್ಲ."