ಕಲಾಯಿಗೆ ಕೊಟ್ಟ ಪಾತ್ರೆಗಳು

ನಿನ್ನೆ ಅಟ್ಟದ ಮೇಲಿನ ತಾಮ್ರದ ಕೊಡ ಇಳಿಸಿ, ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕುತ್ತ ಕೂತಿದ್ದೆ. ಕಿಲುಬು ಬಿಡುವಾಗಿನ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಅಕ್ಕ ನೆನಪಾದಳು...

ಆಗ ನಾನು ಹಾವೇರಿಗೆ ಸೊಸೆಯಾಗಿ ಬಂದ ಹೊಸತು. ಅಕ್ಕನವರದು ಕಿರಾಣಿ ವ್ಯಾಪಾರದ ತುಂಬಿದ ಮನೆ. ಅಕ್ಕ ಇಡೀ ದಿನ ತಿಕ್ಕುತ್ತಲೇ ಇರುತ್ತಿದ್ದಳು. ಹಿತ್ತಾಳೆಗೆ ಹುಣಸೆ, ಕಂದೀಲಿನ ಗಾಜಿಗೆ ಬೂದಿ, ಕಿಟಕಿಯ ಸರಳಿಗೆ ಸೀಮೆಎಣ್ಣೆ.

"ಅಷ್ಟ್ಯಾಕ ತಿಕ್ಕತೀರಿ ಅಕ್ಕಾರ?" ಎಂದು ಒಮ್ಮೆ ಕೇಳಿದ್ದೆ.

"ಹಿತ್ತಲದಾಗ ಕುಂತ್ರ ಆಕಾಶನರ ಕಾಣತೈತಿ, ತಂಗಿ."

ಗಂಡನೋ ಅತ್ತೆಯೋ ಜೊತೆಗಿಲ್ಲದೆ ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಓಣಿಯ ತುದಿಯ ಬೇವಿನ ಮರದಡಿ ಕಲಾಯಿಯವನು ಬಂದು ಕೂತಾಗ ಮಾತ್ರ ಬಿಡುತ್ತಿದ್ದರು. ತೊಳೆದ ಪಾತ್ರೆ ಹೊತ್ತು ಹೋಗಿ, ಒಳಗೆಲ್ಲ ತವರ ಬಳಿಸಿಕೊಂಡು ಬರಲು ಅರ್ಧ ದಿನ ಹಿಡಿಯುತ್ತಿತ್ತು.

ಆ ವರ್ಷ ಕರ್ಜಗಿಯಲ್ಲಿದ್ದ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಹೋಗಿಬರುತ್ತೇನೆಂದರೆ ಮನೆಯವರು ಹಬ್ಬ ಮುಗಿಯಲಿ ಎಂದಿದ್ದರು. ಒಂದು ದಿನ ನಾನೂ ನಮ್ಮ ಪಾತ್ರೆ ಹೊತ್ತು ಅವಳ ಜೊತೆ ಹೋಗಿದ್ದೆ. ಕಲಾಯಿಯವನ ಮುಂದೆ ಪಾತ್ರೆ ಇಳಿಸಿದ ಅಕ್ಕ ನನ್ನ ಕೈ ಹಿಡಿದಳು.

"ಇವನ್ನ ನೋಡ್ಕೊಂತ ಕುಂದ್ರು. ಅವ್ವನ ಮಾರಿ ನೋಡಿ ಲಗೂನ ಬರ್ತೇನಿ. ಯಾರ ಮುಂದೂ ಹೇಳಬ್ಯಾಡ."

ಹ್ಞೂಂ ಎಂದೆ. ಅವಳು ಬಸ್‌ಸ್ಟ್ಯಾಂಡಿನ ಕಡೆ ಹೆಚ್ಚುಕಡಿಮೆ ಓಡಿದಳು.

ಸ್ವಲ್ಪ ಹೊತ್ತಿಗೆ ನಮ್ಮತ್ತೆ ಬಂದರು. "ಆಕಿ ಎಲ್ಲಿ?" ಎಂದು ಒಂದೇ ಸಲ ಕೇಳಿದರು. ಗದರಲೂ ಇಲ್ಲ. ನಾನು ಹೇಳಿಬಿಟ್ಟೆ. ಅವರು ನೇರ ಅಕ್ಕನ ಮನೆಗೆ ಸುದ್ದಿ ಮುಟ್ಟಿಸಿದರು.

ಬಸ್ಸು ಇನ್ನೂ ಬಿಟ್ಟಿರಲಿಲ್ಲ. ಅಕ್ಕನ ಗಂಡ ಹೋಗಿ ಅವಳನ್ನು ಇಳಿಸಿಕೊಂಡು ಬಂದ. ಅಕ್ಕ ನನ್ನತ್ತ ನೋಡಲಿಲ್ಲ. ಇನ್ನೂ ಬಿಸಿ ಆರದ ಪಾತ್ರೆಗಳನ್ನು ಸೆರಗಿನಲ್ಲಿ ಅವುಚಿಕೊಂಡು ಅವನ ಹಿಂದೆ ನಡೆದಳು.

ಎಂಟು ದಿನಕ್ಕೆ ತಾಯಿ ತೀರಿಕೊಂಡಳು. ಅಕ್ಕನನ್ನು ಕಾರಿನಲ್ಲಿ ಕರೆದೊಯ್ದು, ಮಣ್ಣು ಮುಗಿಸಿ ಅದೇ ಸಂಜೆ ಕರೆತಂದರು. ಮುಂದೆ ಕಲಾಯಿಯವನನ್ನು ಅವರ ಅಂಗಳಕ್ಕೇ ಕರೆಸತೊಡಗಿದರು. ನಾನು ಒಮ್ಮೆ ಹಿತ್ತಲ ಗೋಡೆಯ ಹತ್ತಿರ ನಿಂತು, "ಅಕ್ಕಾರ, ನಂದ ತಪ್ಪಾತ್ರಿ" ಎಂದೆ. ತಿಕ್ಕುವ ಸದ್ದು ಒಂದು ಗಳಿಗೆ ನಿಂತಿತು... ಮತ್ತೆ ಶುರುವಾಯಿತು.

ಆಮೇಲೆ ಅವರು ರಾಣೆಬೆನ್ನೂರಿಗೆ ಹೋದರು. ಅಕ್ಕ ತೀರಿಕೊಂಡಳೆಂಬ ಸುದ್ದಿ ನನಗೆ ಬಂದದ್ದು ಹೋದ ತಿಂಗಳು, ಅದೂ ಯಾರದೋ ಬಾಯಿಂದ.

ನಮ್ಮತ್ತೆಯೂ ಹೋಗಿ ವರ್ಷಗಳಾದವು. ಎಲ್ಲಿಗೆ ಹೊರಟೆ ಎಂದು ಕೇಳುವವರು ಈಗ ಮನೆಯಲ್ಲಿ ಯಾರೂ ಇಲ್ಲ. ಆದರೂ ಚಪ್ಪಲಿ ಮೆಟ್ಟುವಾಗ ಉತ್ತರವೊಂದು ಬಾಯಲ್ಲಿ ಸಿದ್ಧವಾಗಿರುತ್ತದೆ.