ರಾಣಿಯ ಕತ್ತಿನ ಠಸ್ಸೆ

ನಮ್ಮ ಅತ್ತೆಯ ಹತ್ತಿರ ಬ್ರಿಟಿಷರ ಕಾಲದ ಒಂದು ಬೆಳ್ಳಿ ರೂಪಾಯಿ ಇದೆ. ಒಂದು ಮಗ್ಗುಲಿಗೆ ರಾಣಿಯ ಮುಖ, ಆಕೆಯ ಕತ್ತಿನ ಹತ್ತಿರ ಸಣ್ಣದೊಂದು ಠಸ್ಸೆ. ಬೆಳ್ಳಿ ಅಸಲಿ ಎಂದು ಪರೀಕ್ಷಿಸಿ ಹಿಂದೆ ಯಾವನೋ ಸರಾಫ ಹೊಡೆದ ಗುರುತಂತೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅತ್ತೆ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಆ ಠಸ್ಸೆಯನ್ನು ಹುಡುಕುತ್ತಾರೆ. ಸಿಕ್ಕ ಮೇಲೆಯೇ ಅದು ದೇವರ ಮುಂದೆ. ಅವರ ಅತ್ತೆ ಕಲಿಸಿದ ಪದ್ಧತಿ. ಮನೆಯ ಹಿರಿಯಾಕೆಯ ಕೆಲಸ, ನನಗಿನ್ನೂ ಪಾಳಿ ಬಂದಿರಲಿಲ್ಲ.

ನೋಟು ರದ್ದಾದ ವರ್ಷ ನಾವು ಬ್ಯಾಂಕಿನ ಮುಂದೆ ನಿಂತು ಹೈರಾಣಾಗಿ ಬಂದರೆ ಅತ್ತೆ ನಗುತ್ತಿದ್ದರು. “ನಿಮ್ಮ ನೋಟಿಗೆ ಸರಕಾರ ಸಾಕ್ಷಿ. ನನ್ನ ರೂಪಾಯಿಗೆ ನನ್ನ ಬೆರಳು ಸಾಕ್ಷಿ.” ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ಹುಣಸೆಹಣ್ಣಿಗೆ ರೂಪಾಯಿಯ ಕಪ್ಪು ಜಗ್ಗಲಿಲ್ಲ. ಪೇಟೆಯ ಸರಾಫನಲ್ಲಿ ಪಾಲಿಶ್ ಮಾಡಿಸಿ ತಂದೆ. ಪೂಜೆಯ ದಿನ ಮುಂಜಾನೆ ಅತ್ತೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು.

“ಇದು ನಮ್ಮ ರೂಪಾಯಿ ಅಲ್ಲ. ಸರಾಫ ಬದಲಿ ಮಾಡ್ಯಾನ.”

ನನಗೆ ಚಿಂತೆಯಾದದ್ದು ರೂಪಾಯಿಯದಲ್ಲ. ಕೆಲವು ತಿಂಗಳಿಂದ ಅತ್ತೆ ಸಾರಿಗೆ ಉಪ್ಪು ಹಾಕಿ ಮತ್ತೆ ಹಾಕುತ್ತಿದ್ದರು, ಗ್ಯಾಸು ಹಚ್ಚಿ ಮರೆಯುತ್ತಿದ್ದರು. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರೆಲ್ಲ ಸುಮ್ಮನಿದ್ದರು. ನಾನು ಮಾತ್ರ ಅವರು ನನ್ನನ್ನೇ ಮರೆಯುವ ದಿನಕ್ಕೆ ಹೆದರಿಕೊಂಡಿದ್ದೆ. ಆದರೂ ಬೆರಳು? ಮಾತಾಡುತ್ತಲೇ ಅಕ್ಕಿಯೊಳಗಿನ ಹರಳು ಹೆಕ್ಕುವ ಬೆರಳು ಅದು. ಚಾಳೀಸು ಹಾಕಿಕೊಂಡು ರೂಪಾಯಿ ನೋಡಿದೆ. ಹೊಸ ಹೊಳಪಿನಲ್ಲಿ ಏನೂ ಕಾಣಲಿಲ್ಲ. ವಿದ್ಯಾನಗರದಿಂದ ಪೇಟೆಗೆ ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಒಂದೇ ಬೇಡಿಕೆ: ಸರಾಫ ಕಳ್ಳನಾಗಿರಲಿ ದೇವರೇ, ಇಲ್ಲವೇ ಪಾಲಿಶ್ ಮಾಡುವಾಗ ಠಸ್ಸೆಯಾದರೂ ಸವೆದಿರಲಿ. ಹಬ್ಬದ ದಿನ ಇಂಥದ್ದನ್ನು ಬೇಡಿಕೊಂಡವಳು ಹುಬ್ಬಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

ಸರಾಫ ಭೂತಗನ್ನಡಿ ಹಿಡಿದು ನೋಡಿದ. “ಇಲ್ಲೇ ಐತಲ್ರಿ ಅಕ್ಕಾರ, ಠಸ್ಸಿ. ನಿಮ್ಮ ರೂಪಾಯಿನ ಇದು. ಗುರ್ತು ಹೋಗಬಾರದಂತ ಕೈಲೆ ತಿಕ್ಕೇನಿ. ಬೆರಳಿಟ್ಟ ನೋಡ್ರಿ.”

ಇಟ್ಟೆ. ಎಳ್ಳಿನಷ್ಟು ತಗ್ಗು. ಆ ಠಸ್ಸೆಯನ್ನು ಎಂದೂ ಹುಡುಕಿರದ ನನಗೂ ಕೂಡಲೇ ಸಿಕ್ಕಿತು.

“ಸಮಾಧಾನ ಆತಿಲ್ರಿ?” ಎಂದ. ಆಯಿತು ಎಂದೆ. ಅಳು ಬಂದಂತಾಗಿ ಲಗುಬಗೆಯಿಂದ ಹೊರಬಿದ್ದೆ.

ಮನೆಗೆ ಬಂದರೆ ಅತ್ತೆ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದರು. “ನೀವು ಹೇಳಿದ್ದ ಖರೇರಿ ಅತ್ತಿ. ಬದಲಿ ಆಗಿತ್ತಂತ, ನಮ್ಮದನ್ನ ಕೊಟ್ಟ,” ಎಂದು ಸುಳ್ಳು ಹೇಳಿ ರೂಪಾಯಿ ಚಾಚಿದೆ.

ಅವರು ತೆಗೆದುಕೊಳ್ಳಲಿಲ್ಲ. “ಇನ್ನ ಮ್ಯಾಲೆ ನೀನ ನೋಡಿ ಇಡು,” ಎಂದರು. ಮತ್ತೊಂದು ಬತ್ತಿ ಹೊಸೆಯುತ್ತ, ಮೆಲ್ಲಗೆ ಹೇಳಿದರು:

“ಪಾಪ, ಸರಾಫಗ ಬೈಬ್ಯಾಡ. ಮುಂಜಾನೆ ಠಸ್ಸಿ ಬೆರಳಿಗೆ ಹತ್ತಿತ್ತವ್ವಾ. ಅದು ಏನಂತ ನೆನಪಾಗಲಿಲ್ಲ.”